ಕನ್ನಡಿಯ ಹಿಂದೆ

ಬೋಗಾದಿ ರಿಂಗ್ ರೋಡಿನಾಚೆ ಹೊಸ ಬಡಾವಣೆ,
ಮೂರನೇ ಅಡ್ಡರಸ್ತೆ, ಹಸಿರು ಗೇಟು.
ಬೆನ್ನಿಗೆ ಹದಿನಾರು ಲೀಟರಿನ ಕ್ಯಾನು ಹೊತ್ತು
ಬೆಲ್ಲು ಒತ್ತಿದರೆ
ವಸುಮತಿ ಮೇಡಂ ಮೊದಲು ನನ್ನ ಚಪ್ಪಲಿ ನೋಡುತ್ತಾರೆ,
ಆಮೇಲೆ ಮುಖ.
"ನಾಡಿದ್ದು ಮೊಮ್ಮಗೂದು ನಾಮಕರಣ.
ಮನೆ ಸುತ್ತ ಒಂದೇ ಒಂದು ಜೇಡ ಇರಕೂಡದು."

ತೋರಿಸುತ್ತಾ ನಡೆದರು, ನಾನು ಹಿಂದೆ ಹಿಂದೆ:
ಸಜ್ಜೆಯ ಕೆಳಗೆ, ಮೀಟರ್ ಬಾಕ್ಸಿನ ಒಳಗೆ,
ಮಳೆನೀರಿನ ಪೈಪು ಗೋಡೆ ಬಿಟ್ಟ ಸಂದಿನಲ್ಲಿ,
ತುಳಸಿಕಟ್ಟೆಯ ದೀಪದ ಗೂಡಲ್ಲೂ ಒಂದು
(ಅದಕ್ಕೆ ಮಾತ್ರ ಔಷಧಿ ಬೇಡವಂತೆ, ಬಟ್ಟೆಯಲ್ಲಿ ಒರೆಸಬೇಕಂತೆ).
ದಾಸವಾಳದ ಕೊಂಬೆಯಿಂದ ಕಾರಿನ ಶೆಡ್ಡಿಗೆ
ರಾತ್ರೋರಾತ್ರಿ ಎಳೆದ ಲೈನು;
ಕೆಇಬಿಯವರ ಕೈಲಿ ಇಷ್ಟು ಬೇಗ ಆಗದು.

ಎಂಟು ವರ್ಷದಲ್ಲಿ ನಾನು ಕಲಿತದ್ದು ಇಷ್ಟೇ:
ಜೇಡ ಮನೆಗೆ ಬರುವುದಿಲ್ಲ, ಊಟಕ್ಕೆ ಬರುತ್ತದೆ.
ಗೇಟಿನ ಮೇಲೆ ಬೆಳಗಿನವರೆಗೆ ಉರಿಯುವ ಬಿಳಿ ಬಲ್ಬು
ಹಾತೆ, ಸೊಳ್ಳೆ, ಮಳೆಹುಳವನ್ನೆಲ್ಲ ಕರೆದು
ಎಲೆ ತುಂಬ ಬಡಿಸಿಟ್ಟರೆ
ಪಂಕ್ತಿಗೆ ಕೂತವರದೇನು ತಪ್ಪು?

"ಮೇಡಂ, ಆ ಲೈಟು ಹತ್ತಕ್ಕೆ ಆರಿಸಿಬಿಡಿ,
ಇಲ್ಲ ಹಳದಿ ಬಲ್ಬು ಹಾಕಿಸಿ.
ಗೋಡೆಗೆ ಒರಗಿರೋ ಕ್ರೋಟನ್ನು ಒಂದು ಮೊಳ ಕತ್ತರಿಸಿ,
ಹಿತ್ತಿಲ ಹಳೇ ಹೆಂಚಿನ ರಾಶಿ ಎತ್ತಿಸಿ.
ಕಿಟಕಿ ಬಿರುಕಿಗೆ ಒಂಚೂರು ಸಿಮೆಂಟು.
ವಾರಕ್ಕೊಂದ್ಸಲ ಉದ್ದ ಕೋಲಿನ ಪೊರಕೆ ಆಡಿಸಿದರೆ
ನಾನು ಬರೋದೇ ಬೇಡ."

ಹೇಳಬಾರದಿತ್ತು.
ಡಾಕ್ಟರು ಮಾತ್ರೆ ಬರೆಯದೆ
ದಿನಾ ನಡೀರಿ ಅಂದಾಗ ಆಗುತ್ತದಲ್ಲ,
ಅದೇ ಬೇಜಾರು ಮುಖದಲ್ಲಿ.
"ದುಡ್ಡು ಕೊಡೋದು ಹೊಡೆಯೋಕೆ ಕಣಪ್ಪ,
ಬುದ್ಧಿ ಹೇಳೋಕಲ್ಲ."
ನಮ್ಮ ಅಂಗಡಿಯ ಷಫಿ ಸಾಹೇಬರು ಅನ್ನುವುದೂ ಇದನ್ನೇ,
ಸ್ವಲ್ಪ ಮೆತ್ತಗೆ:
"ಸಿದ್ದಪ್ಪಾಜಿ, ನಾವು ಬಲ್ಬು ಮಾರೋರಲ್ಲ."

ಹೊಡೆದೆ.
ಮಾಸ್ಕು ಏರಿಸಿ, ಗಾಳಿಗೆ ಬೆನ್ನು ಕೊಟ್ಟು,
ಪಾಯದಿಂದ ಮೇಲೆ ಮೂರಡಿ, ಬಾಗಿಲ ಚೌಕಟ್ಟಿನ ಸುತ್ತ,
ಕೊನೆಗೆ ಸಜ್ಜೆ.
ಮೂಲೆಯಲ್ಲಿದ್ದ ಉದ್ದಕಾಲಿನದೊಂದು
ಬಲೆಯನ್ನು ಗಡಗಡ ಅಲುಗಾಡಿಸಿತು.
ಹೆದರಿಸುವ ಆಟ ಅದು, ಹಲ್ಲಿಯ ಮುಂದೆ ನಡೆಯುತ್ತದೆ.
ಎದುರಿಗಿದ್ದದ್ದು ಹದಿನಾರು ಲೀಟರು.
ಮೊಟ್ಟೆಯ ಗಂಟನ್ನು ಬಾಯಲ್ಲಿ ಕಚ್ಚಿಕೊಂಡೇ
ಕೆಳಗೆ ಬಿತ್ತು.
ಒಳಗೆ ಮಗು ಅತ್ತಿತು, ಅಥವಾ ಮಿಕ್ಸಿ ತಿರುಗಿತು.
ಎರಡಕ್ಕೂ ಗಂಟು ಹಾಕುತ್ತಾ ಕೂರುವುದಕ್ಕೆ
ನನಗೆ ಪುರುಸೊತ್ತಿಲ್ಲ;
ಮಧ್ಯಾಹ್ನ ದಟ್ಟಗಳ್ಳಿಯಲ್ಲಿ ಇನ್ನೊಂದು ಮನೆ.

ಸಾವಿರದ ನಾನೂರು. ರಸೀದಿಯ ಮೇಲೆ
ತೊಂಬತ್ತು ದಿನ ಗ್ಯಾರಂಟಿ ಅಂತ ಬರೆದೆ.
ಹಗಲಲ್ಲೂ ಆರಿಸಲು ಮರೆತ ಬಲ್ಬು
ನೆತ್ತಿಯ ಮೇಲೇ ಉರಿಯುತ್ತಿತ್ತು.
ಹದಿನೈದು ಅಂತ ಬರೆಯಬೇಕಿತ್ತು.

ನನ್ನ ಟಿವಿಎಸ್ಸಿನ ಕನ್ನಡಿಯ ಹಿಂದೆ
ಒಂದು ಸಣ್ಣದು ಇದೆ, ಆಷಾಢದಿಂದ.
ರಾತ್ರಿ ಕನ್ನಡಿಗೂ ಬ್ರೇಕಿನ ಹಿಡಿಗೂ ಎಳೆ ಬಿಗಿಯುತ್ತದೆ,
ಬೆಳಿಗ್ಗೆ ನಾನು ಕೈಯಿಟ್ಟರೆ ಹರಿಯುತ್ತದೆ.
ಇಬ್ಬರಿಗೂ ಅಭ್ಯಾಸವಾಗಿದೆ.
ನಲವತ್ತರ ಸ್ಪೀಡಿಗೆ ಗಾಜಿನ ಹಿಂದೆ ಮುದುಡಿ
ರಾಮಕೃಷ್ಣನಗರ, ಲಿಂಗಾಂಬುಧಿ ಕೆರೆ ಏರಿ,
ವಿಷದ ಕ್ಯಾನಿನ ಜೊತೆಗೇ ಊರೆಲ್ಲ ಸುತ್ತಿದೆ.

"ಊರೋರ ಮನೇದೆಲ್ಲ ಹೊಡೀತೀಯ,
ಇದೊಂದ್ಕೆ ಕೈ ಏಳಲ್ವಾ?"
ಕೇಳಿದಳು ರಾಜಮ್ಮಣಿ, ಸೀಟು ಒರೆಸುತ್ತಾ.

ಏಳಲ್ಲ ಅಂತಲ್ಲ.
ನಮ್ಮ ಮನೆ ಮುಂದಿನ ಬೀದಿದೀಪ ಕೆಟ್ಟು ವರ್ಷವಾಯಿತು.
ಆ ಕತ್ತಲಲ್ಲಿ ಅದು ಏನು ತಿಂದು
ಬದುಕಿದೆಯೋ ಅಂತ
ನೋಡುತ್ತಿದ್ದೇನೆ.